ಅಂಗಳಕ್ಕೆ ತರುವ ಮುನ್ನ

(ಒಕ್ಕೂಟದ ಅಧ್ಯಕ್ಷೆಯಾದ ತಮ್ಮನ ಮಗಳಿಗೆ ಬೆಳ್ತಂಗಡಿ ತಾಲೂಕಿನ ನಿವೃತ್ತ ಅಂಚೆ ಮಾಸ್ತರರೊಬ್ಬರ ಕಿವಿಮಾತು)

ಮಗಾ,

ನಿನ್ನನ್ನು ಊರಿನ ಸ್ವಸಹಾಯ ಸಂಘಗಳ ಒಕ್ಕೂಟಕ್ಕೆ ಅಧ್ಯಕ್ಷೆ ಮಾಡಿದರು ಎಂದು ನಿನ್ನಪ್ಪ ಫೋನಿನಲ್ಲಿ ಹೇಳಿದ. ಜಮೆ, ಖರ್ಚು, ಠರಾವು, ಪಾಸ್‌ಬುಕ್ಕು ಇವನ್ನೆಲ್ಲ ನೀನು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ನಾನು ಹೇಳಬೇಕೆಂದಿರುವುದು ಯಾವ ಖಾತೆ ಪುಸ್ತಕಕ್ಕೂ ಏರದ ಒಂದು ಲೆಕ್ಕ. ಯಾರಿಗೆ ಏನು ಗೊತ್ತು? ತನಗೆ ಗೊತ್ತಿರುವುದು ಪಕ್ಕದವನಿಗೂ ಗೊತ್ತೆಂದು ಯಾರಿಗೆ ಗೊತ್ತು? ಶಾಖಾ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ತಲೆ ನರೆತವನಿಗೆ ಊರು ಕಾಣುವುದೇ ಈ ಲೆಕ್ಕದಲ್ಲಿ. ಒಂದೊಂದಾಗಿ ಬರೆಯುತ್ತೇನೆ. ಕೆಲವು ಉದ್ದ ಆದಾವು, ಪುರುಸೊತ್ತಿನಲ್ಲಿ ಓದು.

• ಊರಿಗೆಲ್ಲ ಗೊತ್ತಿರುವ ಸಂಗತಿಯಲ್ಲೂ ಎರಡು ಬಗೆ ಉಂಟು. ನಮ್ಮ ವಾರ್ಡಿನಲ್ಲಿ ಹಿಂದೆ ನೀರು ಬಿಡುವವ ಒಬ್ಬನಿದ್ದ. ತನ್ನ ನೆಂಟರ ಕಡೆಗೆ ಅರ್ಧ ಗಂಟೆ ಹೆಚ್ಚು ಬಿಡುತ್ತಿದ್ದ. ಪ್ರತಿ ಮನೆಗೂ ಇದು ಗೊತ್ತಿತ್ತು. ಆದರೆ ಪ್ರತಿಯೊಬ್ಬರೂ ‘ನನಗೊಬ್ಬನಿಗೇ ಸಿಟ್ಟು ಇರಬೇಕು, ಉಳಿದವರಿಗೆ ಏನೂ ಅನ್ನಿಸಿದ ಹಾಗಿಲ್ಲ’ ಎಂದುಕೊಂಡು ಸುಮ್ಮನಿದ್ದರು. ಒಂದು ಗ್ರಾಮಸಭೆಯಲ್ಲಿ ಹಿಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು, “ನಮ್ಮ ಬದಿಗೆ ನೀರು ಆರು ಗಂಟೆಗೇ ನಿಲ್ಲುತ್ತದೆ, ಆ ಬದಿಗೆ ಆರೂವರೆಗೆ. ಎಂತ ಕತೆ?” ಎಂದು ಕೇಳಿಬಿಟ್ಟರು. ಅವರು ಹೇಳಿದ್ದರಲ್ಲಿ ಯಾರಿಗೂ ಹೊಸ ಸುದ್ದಿ ಇರಲಿಲ್ಲ. ಆದರೂ ಮರುದಿನದಿಂದ ಎರಡೂ ಕಡೆ ಒಂದೇ ಹೊತ್ತು ನೀರು. ಸಭೆಯಲ್ಲಿ ತಲೆ ತಿರುಗಿಸಿದ ಪ್ರತಿಯೊಬ್ಬನೂ ಉಳಿದ ತಲೆಗಳು ಅಲ್ಲಾಡುವುದನ್ನು ಕಂಡಿದ್ದ, ಅಷ್ಟೆ. ಅಮೆರಿಕದ ತತ್ತ್ವಶಾಸ್ತ್ರಜ್ಞ ಡೇವಿಡ್ ಲೂಯಿಸ್ ಎಂಬವರು 1969ರಲ್ಲೇ, ಎಲ್ಲರಿಗೂ ಗೊತ್ತೆಂದು ಎಲ್ಲರಿಗೂ ಗೊತ್ತಿರುವ ಈ ಎರಡನೆಯ ಬಗೆಯ ಬಗ್ಗೆ ಬರೆದರು. 2025ರಲ್ಲಿ ಸ್ಟೀವನ್ ಪಿಂಕರ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೇ ಒಂದು ಇಡೀ ಪುಸ್ತಕ ಮೀಸಲಿಟ್ಟರು. ನಮ್ಮ ಅಜ್ಜಿ ‘ಆರೂವರೆಗೆ’ ಎಂಬ ಒಂದು ಮಾತಿನಲ್ಲಿ ಮುಗಿಸಿದರು.

• ಹಾಗಾಗಿ ಯಾವ ವಿಷಯ ಕೈಗೆ ಬಂದರೂ ಮೊದಲು ಕೇಳಿಕೋ: ಇದನ್ನು ಅಂಗಳಕ್ಕೆ ತರಬೇಕೋ, ಜಗಲಿಯಲ್ಲೇ ಮುಗಿಸಬೇಕೋ? ಅಂಗಳಕ್ಕೆ ತಂದದ್ದನ್ನು ಮತ್ತೆ ಒಳಗೆ ಒಯ್ಯಲು ಬರುವುದಿಲ್ಲ. ಮುಂದೆ ನಾನು ಬರೆಯುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಮುತ್ತಲಿನದೇ.

• ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ ಎಂದರೆ ಊರಿಗೆ ಹೇಳಿದ ಹಾಗೆ ಆಯಿತೆಂದು ತಿಳಿಯಬೇಡ. ಓದಿದವರಿಗೆ ಉಳಿದವರು ಓದಿದರೋ ಇಲ್ಲವೋ ತಿಳಿಯದು. ‘ಯಾರೂ ಬರಲಿಕ್ಕಿಲ್ಲ’ ಎಂದುಕೊಂಡು ಓದಿದವರೂ ಮನೆಯಲ್ಲೇ ಉಳಿಯುತ್ತಾರೆ. ನಮ್ಮ ಹಿಂದಿನವರು ಈ ಕೆಲಸವನ್ನು ಎಷ್ಟು ಜಾಣತನದಿಂದ ಮಾಡುತ್ತಿದ್ದರು ನೋಡು. ಜಾತ್ರೆಗೆ ಮೊದಲು ಗೊನೆ ಮುಹೂರ್ತ. ಒಂದು ಬಾಳೆಗೊನೆ ಕಡಿಯಲು ವಾದ್ಯ ಏಕೆ, ಹತ್ತು ಸಮಸ್ತರು ಏಕೆ? ಜಾತ್ರೆ ಖಂಡಿತ ನಡೆಯುತ್ತದೆ ಎಂಬುದು ಆ ಹೊತ್ತಿಗೆ ಎಲ್ಲರೆದುರು ಇತ್ಯರ್ಥ ಆಗುತ್ತದೆ, ಅದಕ್ಕೆ. ಆಮೇಲೆ ಕೊಡಿ, ಅಂದರೆ ಧ್ವಜ, ಏರುತ್ತದೆ. ಕೊಡಿ ಏರಿದ ಮೇಲೆ ಇಳಿಯುವವರೆಗೆ ಊರಿನವರು ರಾತ್ರಿ ಬೇರೆ ಊರಿನಲ್ಲಿ ಉಳಿಯಬಾರದು ಎಂದು ಹಿರಿಯರು ಹೇಳುತ್ತಿದ್ದರು. ದೇವರ ಭಯ ಅದರಲ್ಲಿ ಇದ್ದೇ ಇದೆ. ಜೊತೆಗೆ, ಅಷ್ಟು ದಿನ ಚಪ್ಪರಕ್ಕೆ, ಅಡುಗೆಗೆ, ತೇರಿಗೆ ಕೈ ಎಲ್ಲಿಂದ ಬರುತ್ತದೆ ಎಂಬ ಚಿಂತೆ ಯಾರಿಗೂ ಇರುತ್ತಿರಲಿಲ್ಲ. ಬಯಲಾಟಕ್ಕೆ ಮೊದಲು ಕೇಳಿ ಬಡಿಯುತ್ತಾರಲ್ಲ, ಚೆಂಡೆಯ ಆ ಸದ್ದು ಗುಡ್ಡದಾಚೆಯ ಮನೆಗೂ ಮುಟ್ಟುತ್ತದೆ. ಕೇಳಿದವನಿಗೆ ಆಟ ಉಂಟು ಎಂಬುದರ ಜೊತೆಗೆ ಆಚೆ ಮನೆಯವನಿಗೂ ಈ ಸದ್ದು ಮುಟ್ಟಿದೆ ಎಂಬುದೂ ತಿಳಿಯುತ್ತದೆ. ಹಾಗಾಗಿ ದಾರಿಗೆ ಜೊತೆ ಸಿಗುತ್ತದೆ ಎಂಬ ಧೈರ್ಯ. ಕದಿನ ಎಂಬ ಸಿಡಿಮದ್ದು ಸಿಡಿಸುವುದೂ ಹೀಗೆಯೇ. ಕಿವಿ ಇದ್ದವರಿಗೆಲ್ಲ ಒಂದೇ ಕ್ಷಣದಲ್ಲಿ ಕೇಳಬೇಕು. ಎಲ್ಲರಿಗೂ ಕೇಳಿತೆಂದು ಎಲ್ಲರಿಗೂ ಗೊತ್ತಾಗಬೇಕು. ನಿನ್ನ ಮೊಬೈಲಿನ ಟಿಂಗ್ ಶಬ್ದ ಒಬ್ಬೊಬ್ಬರ ಕಿಸೆಯಲ್ಲಿ ಒಂದೊಂದು ಹೊತ್ತಿಗೆ ಆಗಿ ಮುಗಿದುಹೋಗುತ್ತದೆ.

ನಿನ್ನ ಸಭೆಗೆ ಕದಿನ ಸಿಡಿಸು ಎಂದು ನಾನು ಹೇಳುವುದಿಲ್ಲ. ಮುಂದಿನ ಸಭೆಯ ದಿನವನ್ನು ಈ ಸಭೆ ಮುಗಿಯುವ ಮೊದಲೇ ಎಲ್ಲರೆದುರು ಹೇಳು. ಒಬ್ಬರಿಂದ ಅದನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿಸು. ಹಾಲಿನ ಸೊಸೈಟಿಯ ಬೋರ್ಡಿನಲ್ಲಿ ಬರೆಸು, ಬೆಳಗ್ಗೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರು ಒಟ್ಟಿಗೆ ಓದುತ್ತಾರೆ. ವಾಟ್ಸ್ಯಾಪ್ ಬೇಕಾದರೆ ಮೇಲಿಂದ ಇರಲಿ.

• ‘ಬರ್ತೀರಾ?’ ‘ಬರ್ತೇನೆ, ನೀವು?’ ‘ನೀವು ಬರುವುದಾದರೆ ನಾನೂ.’ ‘ಸರಿ, ಹಾಗಾದರೆ ಬರ್ತೀರಲ್ಲ?’ ಇದಕ್ಕೆ ಕೊನೆ ಇಲ್ಲ ಮಾರಾಯ್ತಿ. ಕಂಪ್ಯೂಟರ್ ಶಾಸ್ತ್ರದವರು ಇದನ್ನೇ ಎರಡು ಗುಡ್ಡಗಳ ಮೇಲೆ ಬೀಡುಬಿಟ್ಟ ಇಬ್ಬರು ದಳಪತಿಗಳ ಒಗಟಾಗಿ ಹೇಳುತ್ತಾರೆ. ನಡುವಿನ ಕಣಿವೆಯಲ್ಲಿ ದೂತ ಸಿಕ್ಕಿಬೀಳುವ ಅಪಾಯ ಇರುವವರೆಗೆ, ಎಷ್ಟು ಸಲ ಓಲೆ ಹೋಗಿಬಂದರೂ ಇಬ್ಬರಿಗೂ ಪೂರ್ತಿ ಖಾತ್ರಿ ಆಗಲಾರದು ಎಂಬುದು ಗಣಿತದಲ್ಲಿ ಸಾಧಿಸಿದ ಮಾತು. ಪರಿಹಾರ ಹಳೆಯದು: ದಿನ ಗೊತ್ತು ಮಾಡಿಬಿಡು. ರದ್ದಾದರೆ ಮಾತ್ರ ಸುದ್ದಿ, ಸುದ್ದಿ ಇಲ್ಲದಿದ್ದರೆ ಸಭೆ ಉಂಟು.

• ಪ್ರಗತಿಬಂಧು ಗುಂಪುಗಳನ್ನು ನೋಡಿ ಕಲಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ನಮ್ಮ ಬೆಳ್ತಂಗಡಿ ತಾಲೂಕಿನಲ್ಲೇ ಮೊದಲಾದದ್ದು. ಅದರಲ್ಲಿ ಸಣ್ಣ ಹಿಡುವಳಿಯ ಐದರಿಂದ ಎಂಟು ರೈತರು ಒಂದು ಗುಂಪಾಗಿ ವಾರಕ್ಕೊಂದು ದಿನ ಒಬ್ಬನ ಜಾಗದಲ್ಲಿ ಎಲ್ಲರೂ ದುಡಿಯುವ ಕ್ರಮ ಬಂತು. ಈ ವಾರ ಇವನ ಬಾವಿ, ಮುಂದಿನ ವಾರ ಅವನ ತೋಟದ ಗುಂಡಿ. ಮುಯ್ಯಾಳು ನಮ್ಮಲ್ಲಿ ಮೊದಲೂ ಇತ್ತು. ಆದರೆ ಅದು ಇಬ್ಬರ ನೆನಪಿನ ಮೇಲೆ ನಡೆಯುವಂಥದ್ದು. ‘ನಾನು ನಿನಗೆ ಎರಡು ದಿನ ಬಂದಿದ್ದೆ’, ‘ಇಲ್ಲ, ಒಂದೂವರೆ’ ಎಂಬ ತಕರಾರು ಬೇಗ ಹುಟ್ಟುತ್ತಿತ್ತು. ಗುಂಪಿನಲ್ಲಿ ಪಾಳಿ ಎಲ್ಲರಿಗೂ ಬಾಯಿಪಾಠ. ತಪ್ಪಿಸಿದವನು ಯಾರೆಂದು ಉಳಿದವರೆಲ್ಲ ಕಣ್ಣಾರೆ ಕಾಣುತ್ತಾರೆ, ಕಂಡರೆಂದು ಅವನಿಗೂ ಗೊತ್ತು. ಯಾರೂ ಬೈಯಬೇಕಾಗಿಲ್ಲ. ಗುಂಪು ಚಿಕ್ಕದಾಗಿದ್ದರೆ ಮಾತ್ರ ಇದು ನಡೆದೀತು ಎಂಬುದು ನನ್ನ ಅಭಿಪ್ರಾಯ. ಇಪ್ಪತ್ತು ಜನರಾದರೆ ಇಬ್ಬರು ಬಾರದ್ದು ಕಣ್ಣಿಗೆ ಬೀಳುವುದಿಲ್ಲ, ಮುಂದಿನ ಸಲ ನಾಲ್ವರು ಬರುವುದಿಲ್ಲ. ನಿನ್ನ ಒಕ್ಕೂಟದಲ್ಲಿ ಶ್ರಮದಾನ ಇಟ್ಟರೆ ನೂರು ಜನರನ್ನು ಒಂದೇ ಕಡೆ ಗುಡ್ಡೆ ಹಾಕದೆ ಏಳೇಳು ಜನರಿಗೆ ಒಂದೊಂದು ತುಂಡು ಕೆಲಸ ಹಂಚು.

• ವೃತ್ತವಾಗಿ ಕೂರಿಸು. ಶಾಲೆಯ ಹಾಗೆ ಒಬ್ಬರ ಬೆನ್ನು ಒಬ್ಬರು ನೋಡುವಂತೆ ಕೂರಿಸಿದರೆ ಎಲ್ಲರಿಗೂ ಕಾಣುವುದು ನೀನೊಬ್ಬಳೇ. ಚಾಪೆ ಹಾಸಿ ಸುತ್ತ ಕೂತರೆ ಯಾರ ಹುಬ್ಬು ಏರಿತು, ಯಾರ ತಲೆ ಆಡಿತು ಎಂಬುದು ಎಲ್ಲರಿಗೂ ಕಾಣುತ್ತದೆ. ಬಯಲಾಟದಲ್ಲಿ ರಂಗಸ್ಥಳದ ಮೂರು ಬದಿಗೂ ಜನ ಕೂತಿರುತ್ತಾರಲ್ಲ, ಹಾಸ್ಯಗಾರನ ಮಾತಿಗೆ ಎದುರು ಬದಿಯವರು ನಗುವುದನ್ನು ಕಂಡೇ ಈ ಬದಿಯವರಿಗೆ ಇನ್ನಷ್ಟು ನಗು. ಮನೆಯಲ್ಲಿ ಒಬ್ಬರೇ ಯೂಟ್ಯೂಬಿನಲ್ಲಿ ನೋಡಿದರೆ ಅದೇ ಹಾಸ್ಯ ಅರ್ಧ ಆಗುತ್ತದೆ.

• ಒಬ್ಬರಿಂದ ಆಗದ್ದನ್ನು ಎಲ್ಲರಿಂದ ಒಂದೇ ದಿನ ಮಾಡಿಸು. ಮದುವೆಯ ಖರ್ಚು ಬಡವನ ಮನೆ ಮುಳುಗಿಸುತ್ತದೆ ಎಂದು ಯಾವ ತಂದೆಗೆ ಗೊತ್ತಿರಲಿಲ್ಲ ಹೇಳು. ಆದರೆ ತಾನೊಬ್ಬ ಸರಳವಾಗಿ ಮಾಡಿದರೆ ‘ಕೈಯಲ್ಲಿ ಇಲ್ಲ ಪಾಪ’ ಎಂದೋ, ‘ಜಿಪುಣ’ ಎಂದೋ ಊರು ಆಡಿಕೊಳ್ಳುತ್ತದೆ. ಅದಕ್ಕೆ ಹೆದರಿ ಸಾಲ ಮಾಡುತ್ತಾನೆ. ಅವನನ್ನು ನೋಡಿ ಪಕ್ಕದ ಮನೆಯವನೂ ಮಾಡುತ್ತಾನೆ. 1972ರಲ್ಲಿ ಧರ್ಮಸ್ಥಳದಲ್ಲಿ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಸಾಮೂಹಿಕ ವಿವಾಹ ಸುರು ಮಾಡಿದಾಗ ಬಿಚ್ಚಿದ್ದು ಈ ಗಂಟನ್ನು. ಒಂದೇ ಚಪ್ಪರ, ಒಂದೇ ಮುಹೂರ್ತ. ಸೀರೆ, ಧೋತಿ, ಮಾಂಗಲ್ಯ ಕ್ಷೇತ್ರದಿಂದ. ಊಟ ಎಲ್ಲರಿಗೂ ಒಂದೇ. ವರದಕ್ಷಿಣೆಗೆ ಅವಕಾಶ ಇಲ್ಲ. ಅಲ್ಲಿ ಯಾರ ಸರಳತೆಯೂ ಬೇರೆಯಾಗಿ ಎದ್ದು ಕಾಣುವುದಿಲ್ಲ. ಖರ್ಚು ಉಳಿದದ್ದು ದೊಡ್ಡದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ‘ಧರ್ಮಸ್ಥಳದಲ್ಲಿ ಮದುವೆ ಆಯಿತು’ ಎಂದು ತಲೆ ಎತ್ತಿ ಹೇಳುವಂತಾದದ್ದು ಅದಕ್ಕಿಂತ ದೊಡ್ಡದು.

ಎಲ್ಲರೂ ಒಂದೇ ದಿನ ಬದಲಾದದ್ದಕ್ಕೆ ದೂರದ ಇನ್ನೊಂದು ಉದಾಹರಣೆ ಕೇಳು. ಸ್ವೀಡನ್ ದೇಶದಲ್ಲಿ ವಾಹನಗಳು ರಸ್ತೆಯ ಎಡಕ್ಕೆ ಹೋಗುತ್ತಿದ್ದವು. ಬಲಕ್ಕೆ ಬದಲಿಸೋಣವೇ ಎಂದು 1955ರಲ್ಲಿ ಜನರನ್ನು ಕೇಳಿದರೆ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಬೇಡ ಎಂದರು. ಆದರೂ ಸರಕಾರ ನಿರ್ಧಾರ ಮಾಡಿತು. 1967ರ ಸೆಪ್ಟೆಂಬರ್ 3, ಭಾನುವಾರ ಬೆಳಗ್ಗೆ 5 ಗಂಟೆಗೆ ಇಡೀ ದೇಶ ಒಮ್ಮೆಗೇ ಬಲಕ್ಕೆ ಹೊರಳಿತು. ತಿಂಗಳುಗಟ್ಟಲೆ ಮೊದಲೇ ಪ್ರಚಾರ, ಊರೂರಿನಲ್ಲಿ ಫಲಕ. ‘ಮೊದಲು ಲಾರಿಯವರು ಬದಲಾಗಲಿ, ಆಮೇಲೆ ಕಾರಿನವರು’ ಎಂದಿದ್ದರೆ ಏನಾಗುತ್ತಿತ್ತು ಊಹಿಸು.

ನಿನ್ನ ಒಕ್ಕೂಟದಲ್ಲಿ ತೊಟ್ಟಿಲಿಗೆ, ಸೀಮಂತಕ್ಕೆ, ಗೃಹಪ್ರವೇಶಕ್ಕೆ ಉಡುಗೊರೆಯ ಪೈಪೋಟಿ ಹೆಚ್ಚಾಗಿದೆ ಎಂದು ನಿನ್ನಮ್ಮ ಗೊಣಗುತ್ತಿದ್ದಳು. ಒಬ್ಬೊಬ್ಬರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಒಂದು ತಾರೀಕು ಇಟ್ಟು, ಆ ದಿನದಿಂದ ಎಲ್ಲರದ್ದೂ ಇಷ್ಟೇ ಎಂದು ಎಲ್ಲರ ಬಾಯಿಂದ ಒಪ್ಪಿಸು.

• ಕುಡಿತ ಬಿಟ್ಟವರ ವಿಷಯ. ಮದ್ಯವರ್ಜನ ಶಿಬಿರಕ್ಕೆ ಹೋಗಿಬಂದವನು ಬಿಟ್ಟದ್ದು ಅವನ ಹೆಂಡತಿಗೆ ಗೊತ್ತಾದರೆ ಸಾಲದು. ಸಂಜೆ ಗಡಂಗಿನ ಬಳಿ ಕಾಯುವ ಜೊತೆಗಾರರಿಗೂ ಗೊತ್ತಾಗಬೇಕು. ಗೊತ್ತಾಗದಿದ್ದರೆ ಅವರು ಎಂದಿನಂತೆ ಕರೆಯುತ್ತಾರೆ, ಇವನಿಗೆ ಎಂದಿನಂತೆ ಇಲ್ಲ ಎನ್ನಲು ನಾಚಿಕೆ. ಶಿಬಿರದ ಸಮಾರೋಪವನ್ನು ಜನ ಸೇರಿಸಿ ಮಾಡುವುದು, ಬಿಟ್ಟವರನ್ನು ನವಜೀವನ ಸಮಿತಿ ಎಂದು ಆಗಾಗ ಒಟ್ಟು ಸೇರಿಸುವುದು ಸುಮ್ಮನೆ ಅಲ್ಲ. ಆದರೆ ಒಮ್ಮೆ ಅಂಗಳದಲ್ಲಿ ಹೇಳಿದ್ದು ಸಾಕು. ಮದುವೆ ಮನೆಯ ಪಂಕ್ತಿಯಲ್ಲಿ ನಾಲ್ಕು ಜನರೆದುರು “ಈಗ ಹೇಗೆ, ಬಿಟ್ಟೇ ಇದ್ದಿಯಲ್ಲ?” ಎಂದು ಕೇಳುವವರು ಇರುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಅಂಥವರ ಬಾಯಿ ಮುಚ್ಚಿಸುವುದು ನಿನ್ನ ಕೆಲಸ.

• ಬಾಕಿದಾರರ ಹೆಸರನ್ನು ಸಭೆಯಲ್ಲಿ ಓದಬೇಡ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತಿದ್ದೇನೆ, ಏಕೆಂದರೆ ನಿನಗೆ ಓದು ಎಂದು ಒತ್ತಾಯ ಮಾಡುವವರು ಬಹಳ ಇರುತ್ತಾರೆ. ಮನುಷ್ಯ ಕಂತು ಕಟ್ಟುವುದು ಮುಖ ಉಳಿಸಿಕೊಳ್ಳಲು. ಒಬ್ಬಳು ಎರಡು ಕಂತು ಬಾಕಿ ಇರಿಸಿದ್ದು ಗುಂಪಿನ ಹತ್ತು ಹೆಂಗಸರಿಗೂ ಒಳಗೊಳಗೆ ಗೊತ್ತೇ ಇರುತ್ತದೆ. ಗೊತ್ತಿಲ್ಲದ ಹಾಗೆ ಎಲ್ಲರೂ ನಡೆದುಕೊಳ್ಳುತ್ತಿರುವವರೆಗೆ ಅವಳು ಬಳೆ ಅಡವಿಟ್ಟಾದರೂ ಕಟ್ಟುತ್ತಾಳೆ. ಹೆಸರು ಓದಿದ ದಿನ ಮುಖ ಹೋಯಿತು. ಇನ್ನು ಉಳಿಸಿಕೊಳ್ಳಲು ಏನಿದೆ? ಅವಳು ಸಭೆಗೆ ಬರುವುದನ್ನೇ ನಿಲ್ಲಿಸುತ್ತಾಳೆ, ಅಂಗಡಿಗೆ ಸುತ್ತುದಾರಿಯಲ್ಲಿ ಹೋಗುತ್ತಾಳೆ. ಬಾಕಿಯೂ ಬರುವುದಿಲ್ಲ, ಅವಳೂ ಬರುವುದಿಲ್ಲ. ಸಂಜೆ ಹೊತ್ತು ಅವಳ ಮನೆಗೆ ಹೋಗು. ಬೆಲ್ಲ ನೀರು ಕುಡಿ. ಅಡಿಕೆಗೆ ಕೊಳೆರೋಗ ಬಂತಾ, ಮಗನಿಗೆ ಕೆಲಸ ಆಯಿತಾ ಎಂದು ಮಾತಾಡು. ಹೊರಡುವಾಗ “ಸೋಮವಾರ ಬ್ಯಾಂಕಿಗೆ ಹೋಗುವುದುಂಟು, ಏನಾದರೂ ಕೊಡುವುದಿದ್ದರೆ ಕೊಡು” ಎನ್ನು. ನೀನು ಯಾಕೆ ಬಂದೆ ಎಂದು ಅವಳಿಗೆ ಗೊತ್ತು, ಅವಳಿಗೆ ಗೊತ್ತೆಂದು ನಿನಗೂ ಗೊತ್ತು. ಬಾಯಿಬಿಟ್ಟು ಹೇಳದೆ ಇದ್ದದ್ದರಿಂದ ಇಬ್ಬರಿಗೂ ಒಂದೊಂದು ಬಾಗಿಲು ತೆರೆದಿರುತ್ತದೆ.

ನನ್ನ ಕಚೇರಿಯಲ್ಲಿ ಮನಿಯಾರ್ಡರ್ ಬಂದಾಗಲೂ ಹೀಗೇ. ಮುಂಬೈಯ ಹೋಟೆಲಿನಲ್ಲಿ ದುಡಿಯುವ ಮಗನಿಂದ ದುಡ್ಡು ಬಂತೆಂದು ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಕರೆದು ಕೊಟ್ಟರೆ ಸಾಲ ಕೊಟ್ಟವನು ಅಲ್ಲೇ ಕೈಚಾಚುತ್ತಾನೆ, ತಾಯಿಗೆ ಇಲ್ಲ ಎನ್ನಲಾಗದು. ಮನೆಯ ಹೊಸ್ತಿಲಲ್ಲಿ ಕೊಟ್ಟರೆ ಈ ತಿಂಗಳು ಅಕ್ಕಿಗೆಷ್ಟು, ಸಾಲಕ್ಕೆಷ್ಟು ಎಂದು ಅವಳೇ ತೀರ್ಮಾನಿಸುತ್ತಾಳೆ. ಕಾರ್ಡು ಮತ್ತು ಇನ್‌ಲ್ಯಾಂಡ್ ಲೆಟರಿಗೆ ಬೆಲೆಯ ವ್ಯತ್ಯಾಸ ಚಿಲ್ಲರೆ. ಆದರೂ ಜನ ಯಾವ ಸುದ್ದಿಗೆ ತೆರೆದ ಕಾರ್ಡು, ಯಾವುದಕ್ಕೆ ಅಂಟಿಸಿದ ಕಾಗದ ಎಂದು ಸರಿಯಾಗಿ ಆರಿಸುತ್ತಿದ್ದರು. ಓದು ಬಾರದವರು ಬರೆಸುವಾಗಲೂ ಅಷ್ಟೇ ಚುರುಕು.

• ಲೆಕ್ಕ ಮಾತ್ರ ಅಂಗಳದಲ್ಲೇ ಇರಲಿ. ಹಿಂದೆ ಅಡಿಕೆ ಮಾರಲು ಹೋದ ರೈತನಿಗೆ ಮಂಗಳೂರಿನ ಧಾರಣೆ ಗೊತ್ತಿರುತ್ತಿರಲಿಲ್ಲ, ವ್ಯಾಪಾರಿಗೆ ಗೊತ್ತಿರುತ್ತಿತ್ತು. ಅಕಸ್ಮಾತ್ ರೈತನಿಗೆ ಗೊತ್ತಿದ್ದರೂ, ಅವನಿಗೆ ಗೊತ್ತೆಂದು ವ್ಯಾಪಾರಿಗೆ ಗೊತ್ತಿಲ್ಲದ್ದರಿಂದ ಮಾತು ಕಡಿಮೆಯಿಂದಲೇ ಸುರು. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು, ಶಾಖೆಗಳ ಗೋಡೆಯ ಮೇಲೆ ಹೊಸತು, ಹಳತು, ಪಟೋರ, ಕರಿಗೋಟು ಎಂದು ದರ ಬರೆದು ತೂಗಹಾಕಿದರು. ಕ್ಯಾಂಪ್ಕೊಗೆ ಮಾರದವನಿಗೂ ಆ ಬೋರ್ಡಿನಿಂದ ಲಾಭ. ಈಗ ಖಾಸಗಿ ಅಂಗಡಿಯವನು ಬಾಯಿ ತೆರೆಯುವ ಮೊದಲೇ ಇಬ್ಬರ ತಲೆಯಲ್ಲೂ ಒಂದೇ ಅಂಕಿ ಇರುತ್ತದೆ. ನಿನ್ನ ಒಕ್ಕೂಟದ ಬಡ್ಡಿ ಎಷ್ಟು, ಸೇವಾಶುಲ್ಕ ಎಷ್ಟು, ವಿಮೆಗೆ ಹಿಡಿದದ್ದು ಎಷ್ಟು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕು. ಒಬ್ಬೊಬ್ಬರಿಗೆ ಕಿವಿಯಲ್ಲಿ ಹೇಳಿದರೆ, ಸರಿಯಾದದ್ದನ್ನೇ ಹೇಳಿದರೂ, ‘ಆಚೆಯವಳಿಗೆ ಎಷ್ಟು ಹೇಳಿದಳೋ’ ಎಂಬ ಸಂಶಯ ಉಳಿಯುತ್ತದೆ.

• ಆಣೆ, ಪ್ರಮಾಣ. ಇದು ನಮ್ಮ ಭಾಗದ ವಿಶೇಷ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜಗಳ ಏರಿದಾಗ ‘ಮಂಜುನಾಥನ ಎದುರು ಬಂದು ಹೇಳು’ ಎಂಬ ಮಾತು ಬಂದೇ ಬರುತ್ತದೆ. ಆ ಮಾತಿಗೆ ಬಲ ಬರುವುದು ಹೇಳುವವನ ಭಕ್ತಿಯಿಂದಷ್ಟೇ ಅಲ್ಲ. ನಾನು ಹೆದರುತ್ತೇನೆ ಎಂದು ನಿನಗೆ ಗೊತ್ತು, ನೀನೂ ಹೆದರುತ್ತಿ ಎಂದು ನನಗೆ ಗೊತ್ತು, ಕೇಳುತ್ತ ನಿಂತವರಿಗೆ ಎರಡೂ ಗೊತ್ತು. ಅದಕ್ಕೇ ಕರೆದಾಗ ಹಿಂಜರಿದವನ ಮುಖವನ್ನು ಜನ ಓದಿಬಿಡುತ್ತಾರೆ. 2011ರ ಜೂನ್‌ನಲ್ಲಿ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಕುಮಾರಸ್ವಾಮಿಯವರನ್ನು ಧರ್ಮಸ್ಥಳದಲ್ಲಿ ಪ್ರಮಾಣ ಮಾಡಲು ಬನ್ನಿ ಎಂದು ಪತ್ರಿಕಾ ಜಾಹೀರಾತಿನಲ್ಲೇ ಕರೆದರು. ಇಡೀ ರಾಜ್ಯ ಕಣ್ಣುಬಿಟ್ಟು ಕಾಯಿತು. ಇಬ್ಬರೂ ಕ್ಷೇತ್ರಕ್ಕೆ ಬಂದು ಕೈಮುಗಿದರು. ಕರೆದವರು ಅಷ್ಟರೊಳಗೆ ಆಣೆಯ ಮಾತನ್ನು ಕೈಬಿಟ್ಟಿದ್ದರು. ಯಾರು ಸರಿ ಎಂಬುದು ನನ್ನ ವಿಷಯ ಅಲ್ಲ. ಜಾಹೀರಾತು ಕೊಟ್ಟು ಕರೆದ ಮೇಲೆ ಇಬ್ಬರಿಗೂ ಬಾರದೆ ಇರಲು ದಾರಿ ಉಳಿಯಲಿಲ್ಲ ಎಂಬುದನ್ನಷ್ಟೇ ಗಮನಿಸು.

ಕ್ಷೇತ್ರದಲ್ಲಿ ಹೊಯ್ಲು ಹಾಕುವ ಕ್ರಮವೂ ಉಂಟು. ದೂರು ಕೊಟ್ಟರೆ ಎರಡೂ ಕಡೆಯವರನ್ನು ಕರೆಸಿ ಹೆಗ್ಗಡೆಯವರು ವಿಚಾರಿಸುವುದು ಹಿಂದಿನಿಂದ ಬಂದ ಪದ್ಧತಿ. ನಾನು ಕಂಡ ಕೆಲವು ತಕರಾರುಗಳಲ್ಲಿ, ಹೊಯ್ಲು ಹಾಕುವುದುಂಟಂತೆ ಎಂಬ ಸುದ್ದಿ ಎದುರು ಮನೆಗೆ ಮುಟ್ಟಿದ್ದೇ ತಡ, ರಾತ್ರಿಯೇ ಅಣ್ಣತಮ್ಮ ಕೂತು ವರ್ಗದ ಬೇಲಿ ಸರಿಮಾಡಿಕೊಂಡದ್ದುಂಟು. ಆ ಸುದ್ದಿ ಮುಟ್ಟಿಸಿದವರು ಜಾಣರು: ಒಬ್ಬನ ಕಿವಿಯಲ್ಲಿ ಹೇಳಿದರು. ಹಾಲಿನ ಸೊಸೈಟಿಯಲ್ಲಿ ಬೊಬ್ಬೆ ಹೊಡೆದಿದ್ದರೆ ಎದುರಿನವನು ‘ಹಾಕು ನೋಡುವ’ ಎನ್ನಲೇಬೇಕಾಗುತ್ತಿತ್ತು. ನಿನ್ನ ಸಭೆಯಲ್ಲಿ ಯಾರಾದರೂ ಆಣೆಯ ಮಾತು ಎತ್ತಿದರೆ ತಕ್ಷಣ ಚಹಾಕ್ಕೆ ಬಿಡು. ಚಹಾ ಕುಡಿಯುತ್ತ ಮೂಲೆಯಲ್ಲಿ ಮಾತಾಡು.

• ಮಾತು ಕೊಡುವವರು ತಾವೇ ಬಾಯಿಬಿಟ್ಟು ಕೊಡಲಿ. “ಇವರು ಹದಿನೈದರೊಳಗೆ ಕೊಡುತ್ತಾರಂತೆ” ಎಂದು ನೀನು ಹೇಳಿದರೆ ಅದು ನಿನ್ನ ಮಾತಾಗಿ ಉಳಿಯುತ್ತದೆ. ನೇಮದಲ್ಲಿ ದೈವದ ಎದುರು ಕುಟುಂಬದವರನ್ನು ನಿಲ್ಲಿಸಿ ಅವರ ಬಾಯಿಂದಲೇ ಒಪ್ಪಿಗೆ ಕೇಳುವುದು ಏಕೆಂದು ಯೋಚಿಸು.

• ‘ಜಾತಕ ಕೂಡಿಬರಲಿಲ್ಲ.’ ಇದರ ಬೆನ್ನು ಹತ್ತಬೇಡ. ಹುಡುಗ ಒಪ್ಪಲಿಲ್ಲವೋ, ಹುಡುಗಿಗೆ ಬೇರೆ ಮನಸ್ಸಿತ್ತೋ, ಅತ್ತೆಯಾಗುವವಳ ಮಾತು ಒರಟಾಯಿತೋ, ಎರಡೂ ಮನೆಗೆ ಒಂದು ಅಂದಾಜು ಇರುತ್ತದೆ. ಜೋಯಿಸರ ಹೆಸರಿನಲ್ಲಿ ಮುಗಿಸಿದ್ದರಿಂದ ಮುಂದಿನ ವಾರ ಒಂದೇ ಮದುವೆಯಲ್ಲಿ ಎದುರುಬದುರು ಸಿಕ್ಕರೆ “ಸೌಖ್ಯವಾ?” ಎಂದು ಕೇಳಲು ಬರುತ್ತದೆ. ನಿಜ ಕಾರಣ ಹುಡುಕಿ ತಂದು ಹೇಳುವ ಹಿತೈಷಿಗಳಿಂದ ಮುರಿದಷ್ಟು ನೆಂಟಸ್ತಿಕೆ ಜಗಳದಿಂದ ಮುರಿದಿಲ್ಲ. ಒಕ್ಕೂಟದಲ್ಲೂ ಯಾರಾದರೂ ‘ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ’ ಎಂದು ಪದಾಧಿಕಾರ ಬಿಟ್ಟರೆ ಅತ್ತೆಯನ್ನು ನೋಡಲು ಹೋಗಬೇಡ ಮಾರಾಯ್ತಿ.

• ಸುಳ್ಳು ಸುದ್ದಿ ಹಬ್ಬಿದರೆ, ಕೇಳಿದವರಿಗಷ್ಟೇ ಸರಿಪಡಿಸಿ ಹೇಳು. ಮೈಕಿನಲ್ಲಿ ‘ಒಕ್ಕೂಟದ ಹಣ ಹೋಗಿದೆ ಎಂಬುದು ಸುಳ್ಳು’ ಎಂದರೆ, ಕೇಳದಿದ್ದವರೂ ಕೇಳಿದಂತಾಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಎಲ್ಲರಿಗೂ ಈಗ ಸಂಶಯ ಇದೆಯೆಂದು ಎಲ್ಲರಿಗೂ ತಿಳಿಯಿತು. ಸಂಶಯ ಇಲ್ಲದವನೂ ಉಳಿದವರಿಗಿಂತ ಮೊದಲು ತನ್ನ ದುಡ್ಡು ತೆಗೆಯಲು ಬರುತ್ತಾನೆ. ಆದರೆ ಅರ್ಧ ಊರಿಗೆ ಆಗಲೇ ಮುಟ್ಟಿದ್ದರೆ ಪಿಸುಮಾತಿನಿಂದ ಆಗದು, ಆಗ ಪಾಸ್‌ಬುಕ್ಕು ಹಿಡಿದು ಅಂಗಳದಲ್ಲೇ ನಿಲ್ಲು.

• ಮಳೆಗಾಲದ ಸಂಕೇತವನ್ನು ಬಿಸಿಲು ಇರುವಾಗಲೇ ಗೊತ್ತು ಮಾಡಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕಡೆ ಗುಡ್ಡ ಕುಸಿದು ಮೃತ್ಯುಂಜಯ, ನೇತ್ರಾವ‌ತಿ ಉಕ್ಕಿ ಹರಿದದ್ದು ನಿನಗೂ ನೆನಪಿರಬೇಕು. ಅಂಥ ಮಳೆಯಲ್ಲಿ ಮೊದಲು ಕರೆಂಟ್ ಹೋಗುತ್ತದೆ, ಹಿಂದಿನಿಂದ ಮೊಬೈಲ್ ಟವರ್. ಮೇಲಿನ ಮನೆಯವನಿಗೆ ನೀರು ಏರುವುದು ಕಂಡರೂ ಕೆಳಗಿನವರಿಗೆ ಹೇಗೆ ಹೇಳುವುದು? ಭಜನಾ ಮಂದಿರದ ಜಾಗಟೆ ನಿಲ್ಲಿಸದೆ ಬಡಿದರೆ ಹೊಳೆ ಬದಿಯವರು ಶಾಲೆಗೆ ಹೊರಡಬೇಕು ಎಂದು ಒಮ್ಮೆ ಎಲ್ಲರೂ ಸೇರಿದ ಕಡೆ ಹೇಳಿ, ಒಂದು ಸಲ ಬಡಿದೂ ತೋರಿಸಿ. ಯಾರು ಬಡಿಯಬೇಕು ಎಂಬುದನ್ನೂ ಹೆಸರಿಟ್ಟು ಹೇಳಿ. ‘ಯಾರಾದರೂ ಬಡಿಯುತ್ತಾರೆ’ ಎಂದರೆ ಯಾರೂ ಬಡಿಯುವುದಿಲ್ಲ.

• ಹೊರೆಕಾಣಿಕೆಯಲ್ಲಿ ಒಂದು ಸೌತೆಕಾಯಿ ತಂದವನನ್ನೂ ಮೆರವಣಿಗೆಯಲ್ಲಿ ನಡೆಸುತ್ತಾರೆ. ಹೊಗಳಿಕೆ ಯಾವಾಗಲೂ ಅಂಗಳದಲ್ಲಿ, ಹೆಸರು ಹಿಡಿದು. ಆಮಂತ್ರಣ ಪತ್ರಿಕೆಯ ಹೆಸರುಗಳನ್ನು ಪ್ರೆಸ್ಸಿಗೆ ಕಳಿಸುವ ಮೊದಲು ಮೂವರಿಗೆ ತೋರಿಸು. ಬಿಟ್ಟುಹೋದ ಒಂದು ಹೆಸರು ಮುಂದಿನ ಜಾತ್ರೆಯವರೆಗೆ ಮಾತಾಡುತ್ತದೆ.

• ಊಟದ ಪಂಕ್ತಿಯಲ್ಲಿ ‘ಗೋವಿಂದಾ’ ಎಂದ ಮೇಲೆಯೇ ಅನ್ನಕ್ಕೆ ಕೈಹಾಕುವುದು, ಹಿರಿಯರು ಏಳುವವರೆಗೆ ಏಳದಿರುವುದು. ಸಭೆಗೂ ಅಂಥ ಒಂದು ಆರಂಭ, ಒಂದು ಮುಕ್ತಾಯ ಇಟ್ಟುಕೋ. ಪ್ರಾರ್ಥನೆಯೋ, ವರದಿ ಓದುವುದೋ, ಏನಾದರೂ ಸರಿ. ಇಲ್ಲದಿದ್ದರೆ ಸಭೆ ಸುರುವಾಯಿತೋ ಇಲ್ಲವೋ ತಿಳಿಯದೆ ಅರ್ಧ ಜನ ಹೊರಗೆ ನಿಂತು ಎಲೆಅಡಿಕೆ ಹಾಕುತ್ತಿರುತ್ತಾರೆ.

• ವಾರ್ಷಿಕ ಸಭೆಯ ದಿನ. ಕಾರ್ತಿಕದ ಲಕ್ಷದೀಪೋತ್ಸವದ ವಾರ ಬೇಡ, ಊರೇ ಧರ್ಮಸ್ಥಳದಲ್ಲಿ ಇರುತ್ತದೆ. ಅಲ್ಲಿಂದ ಮುಂದೆ ಕೋಲ, ನೇಮ, ಕಂಬಳ, ಆಟ; ಯಾವ ರಾತ್ರಿ ಯಾರ ಮನೆಯಲ್ಲಿ ಏನೆಂದು ಹೇಳಲಾಗದು. ಪತ್ತನಾಜೆಯ ದಿನ ಎಲ್ಲ ಒಮ್ಮೆಲೇ ನಿಲ್ಲುತ್ತದೆ, ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಯಾರೂ ನೋಟೀಸು ಕಳಿಸುವುದಿಲ್ಲ, ಆದರೆ ಆ ದಿನದ ನಂತರ ಯಾರಿಗೂ ಬೇರೆ ಕಾರ್ಯಕ್ರಮ ಇಲ್ಲವೆಂದು ಎಲ್ಲರಿಗೂ ಗೊತ್ತು. ಪತ್ತನಾಜೆ ಕಳೆದು ಮಳೆ ಹಿಡಿಯುವುದರೊಳಗೆ ಸಿಗುವ ಭಾನುವಾರವನ್ನು ಹಿಡಿದುಕೋ. ಬೆಳಗ್ಗೆ ಹತ್ತಕ್ಕೆ ಇಡು, ಮಧ್ಯಾಹ್ನ ಗಂಜಿ ಊಟ ಉಂಟೆಂದು ಮೊದಲೇ ಹೇಳು. ಬೋರ್ಡಿಗೆ ಬರೆಯುವ ಸುಣ್ಣದ ಕಡ್ಡಿ ನಿಮ್ಮ ಸೊಸೈಟಿಯಲ್ಲಿ ಯಾವಾಗಲೂ ಕಾಣೆಯಾಗುತ್ತದೆ, ಮನೆಯಿಂದಲೇ ಒಯ್ಯಿ.

ನಿನ್ನ ದೊಡ್ಡಪ್ಪ